ಬೈಬಲ್ ತಂತ್ರಾಂಶವನ್ನು ನಮ್ಮ ಓದಿನ ಕ್ರಮಕ್ಕೆ ಹೊಂದಿಸಿಕೊಳ್ಳುವುದು ಹೇಗೆ? (ಹೀಬ್ರೂ ಜೊತೆ ಎರಡು ಕನ್ನಡ ಪಠ್ಯ)

ಮಂಡಗದ್ದೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಮನೆ ಮಂಡಗದ್ದೆ ಹತ್ತಿರ, ತುಂಗೆಯ ದಡದಲ್ಲಿ. ಮೂರು ವರ್ಷದಿಂದ ಒಂದೇ ಒಂದು ಪದದ ಹಿಂದೆ ಬಿದ್ದಿದ್ದೇನೆ. ಹೀಬ್ರೂ ಬೈಬಲ್ಲಿನ 'ಹೆಸೆದ್'. ಹಳೆಯ ಒಡಂಬಡಿಕೆಯಲ್ಲಿ ಸುಮಾರು 250 ಸಲ ಬರುತ್ತದೆ. ಕನ್ನಡಕ್ಕೆ ತಂದವರು ಇದನ್ನು ಒಂದು ಕಡೆ ಕೃಪೆ ಅಂದರು, ಇನ್ನೊಂದು ಕಡೆ ದಯೆ ಅಂದರು, ಮತ್ತೊಂದು ಕಡೆ ಕರುಣೆ ಅಂದರು, ಪ್ರೀತಿ ಅಂದರು. ಎಲ್ಲಿ ಯಾವ ಪದ ಬಂತು, ಯಾಕೆ ಬಂತು? ಬಳ್ಳಾರಿಯ ಲಂಡನ್ ಮಿಷನ್ನಿನವರ ಕೆಲಸದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ಒಂದು ಪದ ನಡೆದು ಬಂದ ದಾರಿಯನ್ನು ನೋಡಬೇಕು ಅನ್ನೋದು ನನ್ನ ಆಸೆ.

ಇಷ್ಟು ದಿನ ಮೇಜಿನ ಮೇಲೆ ನಾಲ್ಕು ಪುಸ್ತಕ ಹರಡಿಕೊಂಡು ಕೂರುತ್ತಿದ್ದೆ. ಈಗ ಮಗಳು ಲ್ಯಾಪ್‌ಟಾಪ್ ಕೊಡಿಸಿದ್ದಾಳೆ. ಎರಡು ಮೂರು ತಂತ್ರಾಂಶ ಹಾಕಿ ನೋಡಿದೆ. ಎಲ್ಲದರಲ್ಲೂ ಒಂದೇ ತೊಂದರೆ. ವಚನ ತೆರೆದ ಕೂಡಲೇ ಪಕ್ಕದಲ್ಲಿ ವ್ಯಾಖ್ಯಾನ ಬಂದು ನಿಲ್ಲುತ್ತದೆ. ನಾನಿನ್ನೂ ಮೂಲವನ್ನೇ ಓದಿಲ್ಲ, ಆಗಲೇ ಯಾರೋ ಅರ್ಥ ಹೇಳಿ ಮುಗಿಸಿರುತ್ತಾರೆ. ನನಗೆ ಬೇಕಾದ ಕ್ರಮ ಬೇರೆ. ಮೊದಲು ಹೀಬ್ರೂ. ಆಮೇಲೆ ಹಳೆಯ ಕನ್ನಡ ಅನುವಾದ, ಅದರ ಪಕ್ಕ ಹೊಸದು. ಆಮೇಲೆ ನಿಘಂಟು. ಆಮೇಲೆ ನನ್ನ ಟಿಪ್ಪಣಿ. ಅದು ಬರೆದಾದ ಮೇಲೆ ಮಾತ್ರ ವ್ಯಾಖ್ಯಾನ.

ಇನ್ನೊಂದು ಸಂಗತಿ. 'ಕೃಪೆ' ಅಂತ ಹುಡುಕಿದರೆ ಬಹಳ ಕಡಿಮೆ ಸಿಗುತ್ತದೆ. ಪುಸ್ತಕದಲ್ಲಿ ನಾನೇ ಕಣ್ಣಾರೆ ನೋಡಿದ ವಚನಗಳೂ ಬರುವುದಿಲ್ಲ. ತಪ್ಪು ನನ್ನದಾ, ತಂತ್ರಾಂಶದ್ದಾ?

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಹಾಗಾಗಿ ನೆಟ್ ಇಲ್ಲದೆ ನಡೆಯುವಂಥದ್ದೇ ಬೇಕು. ತಿಳಿದವರು ದಯವಿಟ್ಟು ಹೇಳಿ.

ಗೋಪಾಳದ ಪಾಸ್ಟರ್

ಮೇಷ್ಟ್ರೇ, ನಮಸ್ಕಾರ. ಓದಿ ತುಂಬಾ ಸಂತೋಷವಾಯಿತು. ಟಿಪ್ಪಣಿ ಆದ ಮೇಲೆ ವ್ಯಾಖ್ಯಾನ ಅಂದಿರಲ್ಲ, ಪ್ರಸಂಗ ತಯಾರು ಮಾಡುವ ನಾವೆಲ್ಲ ಕಲಿಯಬೇಕಾದ್ದು ಅದೇ.

ನಾನು ಲೋಗೋಸ್ ಅನ್ನೋ ಬೈಬಲ್ ತಂತ್ರಾಂಶ ಬಳಸುತ್ತೇನೆ. ಅದು ದುಡ್ಡಿನದು. ಎಲ್ಲರಿಗೂ ತಗೊಳ್ಳಿ ಅಂತ ಹೇಳಲಾರೆ. ಆದರೆ ನೀವು ಕೇಳಿದ್ದನ್ನು ಅದರಲ್ಲಿ ಮಾಡಬಹುದು. ಪರದೆಯ ಮೇಲೆ ಯಾವ ಪುಸ್ತಕ ಎಲ್ಲಿ ಇರಬೇಕು ಅಂತ ಜೋಡಿಸಿ, ಆ ಜೋಡಣೆಗೆ ಒಂದು ಹೆಸರು ಕೊಟ್ಟು ಉಳಿಸಬಹುದು. ಅದಕ್ಕೆ ಲೇಔಟ್ ಅಂತಾರೆ. ನನ್ನ ಹತ್ತಿರ ಎರಡು ಇವೆ. ಒಂದರ ಹೆಸರು 'ಓದು'. ಅದರಲ್ಲಿ ಮೂಲ, ಅನುವಾದ, ನಿಘಂಟು, ಟಿಪ್ಪಣಿ ಮಾತ್ರ. ಇನ್ನೊಂದರ ಹೆಸರು 'ಒರೆಗೆ'. ವ್ಯಾಖ್ಯಾನಗಳೆಲ್ಲ ಅಲ್ಲಿ. ಬುಧವಾರದವರೆಗೆ ಎರಡನೆಯದನ್ನು ನಾನು ತೆರೆಯುವುದೇ ಇಲ್ಲ.

ಕಿಟಕಿಗಳನ್ನು ಒಂದಕ್ಕೊಂದು ಕಟ್ಟಿಹಾಕಲೂಬಹುದು. ಪ್ರತಿ ಕಿಟಕಿಗೂ ಒಂದು ಗುಂಪಿನ ಅಕ್ಷರ ಕೊಟ್ಟರೆ ಸಾಕು. ಹೀಬ್ರೂ ಪಠ್ಯದಲ್ಲಿ ಕೆಳಗೆ ಸರಿದ ಹಾಗೆ ಅದೇ ಗುಂಪಿನ ಕನ್ನಡವೂ ಅದೇ ವಚನಕ್ಕೆ ಸರಿಯುತ್ತದೆ. ಎರಡೆರಡು ಸಲ ವಚನ ಹುಡುಕುವ ಕೆಲಸ ತಪ್ಪುತ್ತದೆ.

ಇನ್ನೊಂದು ಕೆಲಸವನ್ನು ಜಾಸ್ತಿ ಜನ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಗ್ರಂಥಾಲಯದ ಪುಸ್ತಕಗಳಿಗೆ ಆದ್ಯತೆಯ ಕ್ರಮ ಕೊಡುವುದು. ಹೀಬ್ರೂ ಪದದ ಮೇಲೆ ಎರಡು ಸಲ ಒತ್ತಿದರೆ ಯಾವ ನಿಘಂಟು ತೆರೆಯಬೇಕು ಅನ್ನೋದು ಈ ಕ್ರಮದಿಂದಲೇ ತೀರ್ಮಾನವಾಗುತ್ತದೆ. ನಾನು ಮೊದಲ ಎರಡು ವರ್ಷ ಇದನ್ನು ಮಾಡಿರಲಿಲ್ಲ. ಪ್ರತಿ ಸಲ ಬೇಡದ ನಿಘಂಟು ತೆರೆದುಕೊಳ್ಳುವುದು, ಅದನ್ನು ಮುಚ್ಚುವುದು, ಬೇಕಾದ್ದನ್ನು ಹುಡುಕುವುದು. ಅಷ್ಟರಲ್ಲಿ ತಲೆಯಲ್ಲಿದ್ದ ಯೋಚನೆ ಹೋಗಿರುತ್ತಿತ್ತು.

ವಚನಕ್ಕೆ ಸಂಬಂಧಿಸಿದ್ದನ್ನೆಲ್ಲ ತಾನೇ ಒಟ್ಟುಮಾಡಿ ಕೊಡುವ ಮಾರ್ಗದರ್ಶಿ ಪುಟಗಳಿವೆಯಲ್ಲ, ಅದರಲ್ಲೂ ಬೇಡದ ಭಾಗ ತೆಗೆದು ನಿಮ್ಮದೇ ಒಂದು ಮಾಡಿಕೊಳ್ಳಬಹುದು. ನನ್ನದರಲ್ಲಿ ನಾಲ್ಕೇ ಭಾಗ ಉಳಿದಿವೆ.

ಲೋಗೋಸ್‌ನಲ್ಲಿ ನಿಮ್ಮ ಸ್ವಂತ ವರ್ಡ್ ಕಡತವನ್ನೂ ಪುಸ್ತಕವಾಗಿ ಸೇರಿಸಬಹುದು. ಪ್ರತಿ ವಚನದ ಮುಂದೆ ಜೋಡಿ ಚೌಕ ಕಂಸದೊಳಗೆ ಆ ವಚನದ ವಿಳಾಸ ಬರೆಯಬೇಕು. ಆಮೇಲೆ ಅದೂ ಬೇರೆ ಬೈಬಲ್‌ಗಳ ಹಾಗೆ ಜೊತೆಯಲ್ಲೇ ಸರಿಯುತ್ತದೆ. ನನ್ನ ಕನ್ನಡ ಪಠ್ಯವನ್ನು ಹಾಗೇ ಸೇರಿಸಿಕೊಂಡಿದ್ದೇನೆ. ಸದ್ಯ ನಾಲ್ಕು ಸುವಾರ್ತೆ ಮತ್ತು ಕೀರ್ತನೆಗಳು ಮಾತ್ರ.

ಆಗುಂಬೆ ವಿದ್ಯಾರ್ಥಿ

ಸರ್, ನನ್ನ ಹತ್ತಿರ ಫೋನ್ ಬಿಟ್ಟು ಬೇರೆ ಏನೂ ಇಲ್ಲ. ದೇವಶಾಸ್ತ್ರ ಓದುತ್ತಿದ್ದೇನೆ, ರಜೆಗೆ ಊರಿಗೆ ಬಂದರೆ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕು. ಆಂಡ್‌ಬೈಬಲ್ ಅನ್ನೋ ಆ್ಯಪ್ ಬಳಸುತ್ತೇನೆ. ಪೂರ್ತಿ ಉಚಿತ, ಜಾಹೀರಾತು ಇಲ್ಲ, ಮುಕ್ತ ತಂತ್ರಾಂಶ. ಪಠ್ಯಗಳನ್ನು ಒಂದು ಸಲ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಾಗಿಲ್ಲ.

ಪರದೆಯನ್ನು ಎರಡು ಮೂರು ಭಾಗ ಮಾಡಬಹುದು. ಮೇಲೆ ಹೀಬ್ರೂ, ಕೆಳಗೆ ಕನ್ನಡ, ಎರಡೂ ಒಟ್ಟಿಗೆ ಸರಿಯುತ್ತವೆ. ಇಂಥ ಜೋಡಣೆಗಳನ್ನು ವರ್ಕ್‌ಸ್ಪೇಸ್ ಅಂತ ಬೇರೆ ಬೇರೆ ಇಟ್ಟುಕೊಳ್ಳಬಹುದು. ನನ್ನ ಹತ್ತಿರ ಬೆಳಗಿನ ಪ್ರಾರ್ಥನೆಗೆ ಒಂದು, ಹೀಬ್ರೂ ಪಾಠಕ್ಕೆ ಒಂದು ಇದೆ. ವಚನಕ್ಕೆ ಬಣ್ಣದ ಗುರುತು ಹಾಕಿ ಹೆಸರು ಕೊಟ್ಟರೆ, ಆ ಹೆಸರಿನ ವಚನಗಳೆಲ್ಲ ಸ್ಟಡಿ ಪ್ಯಾಡ್ ಅನ್ನೋ ಒಂದೇ ಪುಟದಲ್ಲಿ ಸೇರುತ್ತವೆ. ನಡುವೆ ನಮ್ಮ ಮಾತು ಬರೆಯಬಹುದು. ನೀವು 'ಹೆಸೆದ್' ಅಂತ ಒಂದು ಗುರುತು ಮಾಡಿಕೊಂಡರೆ ಸಾಕಲ್ವಾ?

ಭದ್ರಾ ಕೀಲಿಮಣೆ

ಮೇಷ್ಟ್ರೇ, ನಾನು ಭದ್ರಾವತಿಯವಳು, ಕೆಲಸ ಸಾಫ್ಟ್‌ವೇರ್. ಹುಡುಕಾಟದ ಬಗ್ಗೆ ಕೇಳಿದ್ದೀರಿ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕನ್ನಡ ಓದುವವರಿಗೆ ಜಾಸ್ತಿ ಪೆಟ್ಟು ಬೀಳುವುದು ಅಲ್ಲೇ.

ಮೊದಲು ಒಂದು ಪರೀಕ್ಷೆ ಮಾಡಿ. ಕೀರ್ತನೆ 136 ತಗೊಳ್ಳಿ. 26 ವಚನಗಳಿವೆ. ಪ್ರತಿ ವಚನದ ಕೊನೆಯಲ್ಲೂ ಪಲ್ಲವಿಯ ಹಾಗೆ ಹೆಸೆದ್ ಒಂದೊಂದು ಸಲ ಬರುತ್ತದೆ. ಕನ್ನಡದಲ್ಲಿ ಅದು 'ಕೃಪೆಯು'. ಈ ಒಂದು ಕೀರ್ತನೆಯೊಳಗೆ ಮಾತ್ರ 'ಕೃಪೆ' ಅಂತ ಹುಡುಕಿ. 26 ಬಂದರೆ ನಿಮ್ಮ ತಂತ್ರಾಂಶವನ್ನು ನಂಬಬಹುದು. ಬರದಿದ್ದರೆ ಅದರ ಲೆಕ್ಕ ಯಾವ ಪ್ರಬಂಧಕ್ಕೂ ಹಾಕಬೇಡಿ.

ಕಂಪ್ಯೂಟರಿಗೆ ಪದ ಅಂದರೆ ಎರಡು ಖಾಲಿ ಜಾಗಗಳ ನಡುವೆ ಇರುವ ಅಕ್ಷರಗಳು, ಅಷ್ಟೇ. ನಮ್ಮ ಭಾಷೆಯಲ್ಲಿ ಕೃಪೆಯು, ಕೃಪೆಯನ್ನು, ಕೃಪೆಯಿಂದ, ಕೃಪೆಗೆ ಅಂತ ಪದದ ಬಾಲ ಬೆಳೆಯುತ್ತಲೇ ಹೋಗುತ್ತದೆ. ನಮಗೆ ಎಲ್ಲ ಒಂದೇ ಪದ, ಅದಕ್ಕೆ ನಾಲ್ಕು ಬೇರೆ ಪದ. ಅದಕ್ಕೇ 'ಕೃಪೆ' ಆದ ಮೇಲೆ ಒಂದು ನಕ್ಷತ್ರ ಚಿಹ್ನೆ ಹಾಕಿ: ಕೃಪೆ*. ಆಗ ಬಾಲ ಏನೇ ಇದ್ದರೂ ಹಿಡಿಯುತ್ತದೆ. ಆದರೆ 'ಕೃಪ*' ಅಂತ ಹಾಕಬೇಡಿ. ಆಗ 'ಕೃಪಾಸನ' ಕೂಡ ಬಂದು ಸೇರುತ್ತದೆ. ಮಂಜೂಷ ಅನ್ನೋ ಪವಿತ್ರ ಪೆಟ್ಟಿಗೆಯ ಮೇಲಿನ ಆ ಕೃಪಾಸನಕ್ಕೆ ಹೀಬ್ರೂನಲ್ಲಿ ಬೇರೆಯದೇ ಪದ ಇದೆ, ಹೆಸೆದ್‌ಗೂ ಅದಕ್ಕೂ ಸಂಬಂಧ ಇಲ್ಲ.

ಎರಡನೆಯದು ಕಾಗುಣಿತ. ಹಳೆಯ ಕನ್ನಡ ಅನುವಾದವಾದ ಸತ್ಯವೇದದಲ್ಲಿ 'ಇರುವದು', 'ಮಾಡುವದು' ಅಂತ ಇರುತ್ತದೆ. ನಾವು ಬರೆಯುವುದು 'ಇರುವುದು'. ಈಗಿನ ಕಾಗುಣಿತದಲ್ಲಿ ಹುಡುಕಿದರೆ ಹಳೆಯ ಪಠ್ಯ ಕೈಗೆ ಸಿಗುವುದೇ ಇಲ್ಲ. ಪಠ್ಯದ ಕಡತವನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆ ಒತ್ತಿ, ಹೀಗೆ ಹುಡುಕಿ: ಇರುವು?ದು. ಪ್ರಶ್ನೆ ಚಿಹ್ನೆಯ ಅರ್ಥ, ಅದರ ಹಿಂದಿನ ಉಕಾರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಯೂನಿಕೋಡ್‌ನಲ್ಲಿ 'ವ' ಬೇರೆ, ಅದಕ್ಕೆ ಹಚ್ಚಿದ ಉಕಾರ ಬೇರೆ. ಅದಕ್ಕೇ ಇದು ನಡೆಯುತ್ತದೆ.

ಮೂರನೆಯದು ಕಣ್ಣಿಗೆ ಕಾಣುವುದೇ ಇಲ್ಲ. 'ಯೆಹೋವ' ಅನ್ನೋ ಪದವನ್ನೇ ನೋಡಿ. ಅದರ ಓಕಾರಕ್ಕೆ ಯೂನಿಕೋಡ್‌ನಲ್ಲಿ ಒಂದು ಸ್ವಂತ ಸಂಕೇತ ಇದೆ. ಅದನ್ನೇ ಎಕಾರ, ಊಕಾರ, ದೀರ್ಘದ ಚಿಹ್ನೆ ಅಂತ ಮೂರು ತುಂಡಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹುಡುಕುವಾಗ ಬೇರೆ ಬೇರೆ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ಬದಲಾಯಿಸಿದ ಕಡತಗಳಲ್ಲಿ ಇದು ನನಗೆ ಎಷ್ಟೋ ಸಲ ಸಿಕ್ಕಿದೆ. ಇದನ್ನು ಸರಿಮಾಡುವ ಕ್ರಮಕ್ಕೆ ಎನ್‌ಎಫ್‌ಸಿ ಅಂತ ಹೆಸರು. ಪೈಥಾನ್‌ನಲ್ಲಿ ಎರಡು ಮೂರು ಸಾಲಿನ ಕೆಲಸ. ಕಡತ ಕಳಿಸಿ, ನಾನೇ ಮಾಡಿಕೊಡುತ್ತೇನೆ.

ಇಷ್ಟೆಲ್ಲ ಮಾಡಿದರೂ ನಿಮ್ಮ ಕೆಲಸಕ್ಕೆ ಕನ್ನಡ ಪದ ಹಿಡಿದು ಹೊರಡುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಹೆಸೆದ್ ಎಲ್ಲೆಲ್ಲಿ ಬೇರೆ ಪದವಾಗಿದೆ ಅನ್ನೋದೇ ನಿಮ್ಮ ಪ್ರಶ್ನೆ ಅಲ್ವಾ? ಅದಕ್ಕೆ ಹೀಬ್ರೂ ಕಡೆಯಿಂದ ಬರಬೇಕು. ಸ್ಟ್ರಾಂಗ್ಸ್ ಸಂಖ್ಯೆ ಅಂತ ಇದೆ, ಬೈಬಲ್ಲಿನ ಪ್ರತಿ ಮೂಲ ಪದಕ್ಕೂ ಕೊಟ್ಟ ಒಂದೊಂದು ಸಂಖ್ಯೆ, 1890ರಲ್ಲಿ ಬಂದದ್ದು. ಅದರಲ್ಲಿ ಹೆಸೆದ್‌ಗೆ ಹೀಬ್ರೂ 2617. ಕೃಪಾಸನದ ಪದಕ್ಕೆ 3727. ಸಂಖ್ಯೆ ಇರುವ ಹೀಬ್ರೂ ಪಠ್ಯದಲ್ಲಿ 2617 ಹುಡುಕಿದರೆ ಪಟ್ಟಿ ಪೂರ್ತಿ ಬರುತ್ತದೆ. ಆಮೇಲೆ ಒಂದೊಂದೇ ವಚನಕ್ಕೆ ಕನ್ನಡದಲ್ಲಿ ಏನಿದೆ ಅಂತ ನೋಡುತ್ತಾ ಹೋಗಿ.

ಮಂಡಗದ್ದೆ ಮೇಷ್ಟ್ರು

ಭದ್ರಾವತಿಯ ತಂಗಿ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ರಾತ್ರಿಯೇ ಪರೀಕ್ಷೆ ಮಾಡಿದೆ. 'ಕೃಪೆ' ಅಂತ ಹಾಕಿದರೆ ಆ ಕೀರ್ತನೆಯಿಂದ ಒಂದೂ ಬರಲಿಲ್ಲ. ನಕ್ಷತ್ರ ಹಾಕಿದ ಮೇಲೆ 26ಕ್ಕೆ 26 ಬಂತು. ಮೂವತ್ತು ವರ್ಷ ವಿಭಕ್ತಿ ಪ್ರತ್ಯಯ ಪಾಠ ಮಾಡಿದ್ದೇನೆ, ಯಂತ್ರಕ್ಕೆ ಅದು ಗೊತ್ತಿಲ್ಲ ಅನ್ನೋದು ಹೊಳೆದಿರಲಿಲ್ಲ.

ಈಗ ಹೊಸದೊಂದು ಗೊಂದಲ. 2617 ಹುಡುಕಿದಾಗ ಪಟ್ಟಿಯಲ್ಲಿ ಕೀರ್ತನೆ 51:3 ಬಂತು. ನನ್ನ ಕನ್ನಡ ಬೈಬಲ್ಲಿನಲ್ಲಿ ಮೂರನೆಯ ವಚನ ತೆಗೆದರೆ ಬೇರೆ ಮಾತೇ ಇದೆ. ಹೀಬ್ರೂ ಪಠ್ಯ ತಪ್ಪಿದೆಯಾ?

ಇನ್ನೊಂದು, ಅಕ್ಷರ. ಮೂರು ಅಂಕಣ ಇಟ್ಟರೆ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಹೊಸನಗರ ಅನುವಾದಕಿ

ಸರ್, ಹೀಬ್ರೂ ತಪ್ಪಿಲ್ಲ, ಕನ್ನಡವೂ ತಪ್ಪಿಲ್ಲ. ಎಣಿಕೆ ಬೇರೆ.

ಹೀಬ್ರೂ ಬೈಬಲ್ಲಿನಲ್ಲಿ ಕೀರ್ತನೆಯ ಮೇಲಿನ ಶೀರ್ಷಿಕೆಯನ್ನೂ ವಚನವಾಗಿ ಎಣಿಸುತ್ತಾರೆ. 51ನೆಯ ಕೀರ್ತನೆಯ ಶೀರ್ಷಿಕೆ ಉದ್ದ, ಎರಡು ವಚನ ಹಿಡಿಯುತ್ತದೆ. ಹಾಗಾಗಿ ಹೀಬ್ರೂನಲ್ಲಿ ಅದಕ್ಕೆ 21 ವಚನ, ನಮ್ಮಲ್ಲಿ 19. ಅವರ 51:3 ನಮ್ಮ 51:1. ನೀವು ಪರೀಕ್ಷೆ ಮಾಡಿದ 136ಕ್ಕೆ ಶೀರ್ಷಿಕೆ ಇಲ್ಲ, ಅದಕ್ಕೇ ಅಲ್ಲಿ ಲೆಕ್ಕ ಸರಿಹೋಯಿತು.

ಕೀರ್ತನೆಗಳಷ್ಟೇ ಅಲ್ಲ. ಯೋವೇಲ ನಮ್ಮಲ್ಲಿ ಮೂರು ಅಧ್ಯಾಯ, ಹೀಬ್ರೂನಲ್ಲಿ ನಾಲ್ಕು. ಮಲಾಕಿ ನಮ್ಮಲ್ಲಿ ನಾಲ್ಕು, ಅವರಲ್ಲಿ ಮೂರು. ನಮ್ಮ ಮಲಾಕಿ 4:1 ಅವರ 3:19. ನೀವು ಹೋಶೇಯಕ್ಕೆ ಬಂದಾಗ ಹುಷಾರಾಗಿರಿ. ನಮ್ಮಲ್ಲಿ ಒಂದನೆಯ ಅಧ್ಯಾಯದ ಕೊನೆಯ ಎರಡು ವಚನ ಹೀಬ್ರೂನಲ್ಲಿ ಎರಡನೆಯ ಅಧ್ಯಾಯದ ಮೊದಲಿಗೆ ಹೋಗಿವೆ. ಹಳೆಯ ಒಡಂಬಡಿಕೆಯ ಪುರಾತನ ಗ್ರೀಕ್ ಅನುವಾದ ಸೆಪ್ಟುಅಜಿಂಟ್ ತೆರೆದರೆ ಬಹುಪಾಲು ಕೀರ್ತನೆಗಳ ಸಂಖ್ಯೆಯೇ ಒಂದು ಹಿಂದೆ. 136 ಹುಡುಕಲು 135 ತೆಗೆಯಬೇಕು.

ಒಳ್ಳೆಯ ತಂತ್ರಾಂಶಗಳಿಗೆ ಇದು ಗೊತ್ತಿರುತ್ತದೆ. ಕ್ರಾಸ್‌ವೈರ್ ಅನ್ನೋ ಸಂಸ್ಥೆಯವರ ಸ್ವೋರ್ಡ್ ರೂಪದ ಪಠ್ಯಗಳನ್ನು ಹಲವು ಉಚಿತ ಬೈಬಲ್ ತಂತ್ರಾಂಶಗಳು ಓದುತ್ತವೆ. ಅಲ್ಲಿ ಪ್ರತಿ ಪಠ್ಯಕ್ಕೂ ಒಂದು ಚಿಕ್ಕ ವಿವರ ಕಡತ ಇರುತ್ತದೆ. ಅದರಲ್ಲಿ ವಚನಗಳ ಎಣಿಕೆ ಯಾವ ಪದ್ಧತಿಯದು ಅಂತ ಒಂದು ಸಾಲು ಇರುತ್ತದೆ. ಏನೂ ಬರೆಯದಿದ್ದರೆ ಕಿಂಗ್ ಜೇಮ್ಸ್ ಅನ್ನೋ ಇಂಗ್ಲಿಷ್ ಬೈಬಲ್ಲಿನ ಪದ್ಧತಿ ಅಂತ ತಂತ್ರಾಂಶ ತಿಳಿದುಕೊಳ್ಳುತ್ತದೆ. ಹೀಬ್ರೂಗೆ ಲೆನಿನ್‌ಗ್ರಾಡ್ ಅನ್ನೋ ಪದ್ಧತಿ ಇದೆ, 1008ರ ಲೆನಿನ್‌ಗ್ರಾಡ್ ಹಸ್ತಪ್ರತಿಯ ಹೆಸರಿನದು. ಈ ಸಾಲು ಸರಿ ಇದ್ದರೆ ಮಾತ್ರ ಅಕ್ಕಪಕ್ಕದ ಕಿಟಕಿಗಳು ಸರಿಯಾಗಿ ಹೊಂದಿಕೊಳ್ಳುತ್ತವೆ. ನೀವು ಕನ್ನಡ ಪಠ್ಯವನ್ನು ಸ್ವಂತ ಮಾಡಿಕೊಳ್ಳುವುದಾದರೆ ಮೊದಲು ಇದನ್ನು ನೋಡಿ. ಬಣ್ಣ, ಅಂಕಣ ಎಲ್ಲ ಆಮೇಲೆ.

ಅಕ್ಷರದ ವಿಷಯ. ಸಾಲಿನ ಅಂತರ ಒಂದೂವರೆ ಮಾಡಿ. ವಿಂಡೋಸ್ ಜೊತೆ ಬಂದ 'ತುಂಗಾ' ಫಾಂಟ್ ಇದೆ, ನಮ್ಮ ಹೊಳೆಯ ಹೆಸರೇ. ಆದರೆ ಗಂಟೆಗಟ್ಟಲೆ ಓದಲು ನನಗೆ ನೋಟೋ ಸೆರಿಫ್ ಕನ್ನಡ ಹಿತವಾಗಿದೆ. ಹೀಬ್ರೂಗೆ ಎಸ್‌ಬಿಎಲ್ ಹೀಬ್ರೂ ಹಾಕಿಕೊಳ್ಳಿ, ಸ್ವರಚಿಹ್ನೆಗಳು ಜಾಗದಲ್ಲೇ ನಿಲ್ಲುತ್ತವೆ. ಹೀಬ್ರೂ ಗಾತ್ರವನ್ನು ಕನ್ನಡಕ್ಕಿಂತ ಎರಡು ಮೂರು ಅಂಕ ದೊಡ್ಡದು ಮಾಡಿ. ಹದಿನೈದು ಇಂಚಿನ ಪರದೆಯಲ್ಲಿ ಮೂರೇ ಅಂಕಣ, ನಾಲ್ಕನೆಯದು ಬೇಡ. ನಿಘಂಟನ್ನು ಕೆಳಗೆ ಅಡ್ಡ ಪಟ್ಟಿಯಾಗಿ ಇಡಿ.

ಸಾಗರದಿಂದ ಫಾದರ್

ಮೇಷ್ಟ್ರೇ, ನಾನು ಕಥೋಲಿಕ ಗುರು. ನಮ್ಮ ಬೈಬಲ್ಲಿನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟ್ ಬೈಬಲ್ಲಿನಲ್ಲಿ 66. ಹೊಸನಗರದ ಅಕ್ಕ ಹೇಳಿದ ಆ ಒಂದು ಸಾಲಿನಿಂದ ನನ್ನ ಒಂದು ವಾರ ಹೋಗಿದೆ, ಅದಕ್ಕೆ ಹೇಳುತ್ತೇನೆ.

ವರ್ಲ್ಡ್ ಇಂಗ್ಲಿಷ್ ಬೈಬಲ್ ಯಾರು ಬೇಕಾದರೂ ಬಳಸಬಹುದಾದ ಪಠ್ಯ. ನಮ್ಮಲ್ಲಿ ಹೆಚ್ಚಿಗೆ ಇರುವ ತೋಬಿತ, ಜ್ಞಾನಗ್ರಂಥ ಎಲ್ಲ ಅದರಲ್ಲಿ ಇವೆ. ಅದನ್ನು ನಾನೇ ಸ್ವೋರ್ಡ್ ಪಠ್ಯವಾಗಿ ಮಾಡಲು ಹೋದೆ. ಎಲ್ಲ ಸರಿಯಾಯಿತು ಅಂತ ತೆರೆದರೆ ತೋಬಿತನೇ ಇಲ್ಲ. ಕಿಂಗ್ ಜೇಮ್ಸ್ ಪದ್ಧತಿಯ ಪಟ್ಟಿಯಲ್ಲಿ ಆ ಪುಸ್ತಕಗಳಿಗೆ ಜಾಗವೇ ಇಲ್ಲ. ಅದೇ ಪದ್ಧತಿಯಲ್ಲಿ ಈ ಪುಸ್ತಕಗಳೂ ಸೇರಿದ ಇನ್ನೊಂದು ರೂಪ ಇದೆ, ಹೆಸರಿನ ಕೊನೆಗೆ 'ಎ' ಅಕ್ಷರ ಇರುತ್ತದೆ. ಅದನ್ನು ಹಾಕಿದ ಮೇಲೆ ಬಂತು.

ಪದಗಳನ್ನು ಹೋಲಿಸುವಾಗ ನಮ್ಮ ಅನುವಾದವನ್ನೂ ಸೇರಿಸಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಹಳೆಯ ಸತ್ಯವೇದ 'ಯೆಹೋವ' ಅನ್ನುವ ಕಡೆ ನಮ್ಮಲ್ಲಿ 'ಸರ್ವೇಶ್ವರ' ಅಂತ ಇದೆ. ಆ ಒಂದು ಆಯ್ಕೆಯಿಂದ ಇಡೀ ವಾಕ್ಯದ ದನಿ ಬದಲಾಗುತ್ತದೆ, ಹೆಸೆದ್‌ಗೆ ಪಕ್ಕದಲ್ಲಿ ನಿಲ್ಲುವ ಪದವೂ ಬದಲಾಗಬಹುದು. ಪಠ್ಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ಒಂದು ಅಂಕಣ ತುಂಬಿ. ನಿಮಗೆ ಬೇಕಾದರೆ ಕೀರ್ತನೆಗಳ ಭಾಗ ನಾನೇ ನೋಡಿ ತುಂಬಿ ಕೊಡುತ್ತೇನೆ.

ಗೋಪಾಳದ ಪಾಸ್ಟರ್

ಫಾದರ್ ಹೇಳಿದ್ದು ಸರಿ. ನಾನು ಒಂದು ಸೇರಿಸುತ್ತೇನೆ. ಹೋಶೇಯ 6:6ರಲ್ಲಿ ಹೆಸೆದ್ ಇದೆ. ಅದೇ ಮಾತನ್ನು ಯೇಸು ಮತ್ತಾಯ 9:13ರಲ್ಲಿ ಹೇಳುತ್ತಾನೆ, 12:7ರಲ್ಲಿ ಇನ್ನೊಮ್ಮೆ. ಅಲ್ಲಿ ಗ್ರೀಕ್ ಪದ 'ಎಲೆಯೊಸ್', ಸ್ಟ್ರಾಂಗ್ಸ್ ಗ್ರೀಕ್ 1656. ಕನ್ನಡದಲ್ಲಿ ಈ ಮೂರು ಕಡೆಯೂ ಒಂದೇ ಪದ ಇದೆಯಾ? ಇದು ನಿಮ್ಮ ಕೆಲಸದ ಒಂದು ಅಧ್ಯಾಯಕ್ಕೇ ಸಾಕು. ಹೀಬ್ರೂ, ಸೆಪ್ಟುಅಜಿಂಟ್, ಹೊಸ ಒಡಂಬಡಿಕೆಯ ಗ್ರೀಕ್ ಮೂರಕ್ಕೂ ಸೇರಿ ಒಂದು ಮೂರನೆಯ ಜೋಡಣೆ ಮಾಡಿಕೊಳ್ಳಿ. ದಿನವೂ ಬೇಕಾಗುವುದಿಲ್ಲ, ಬೇಕಾದಾಗ ಒಂದೇ ಒತ್ತಿಗೆ ಸಿಗಲಿ.

ಒಂದು ಪ್ರಶ್ನೆ ನನ್ನದೂ ಇದೆ. ನಾನು ಮಾಡಿಕೊಂಡ ಕನ್ನಡ ಪಠ್ಯವನ್ನು ಮೇಷ್ಟ್ರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಬಹುದಾ?

ಹೊಸನಗರ ಅನುವಾದಕಿ

ಪಾಸ್ಟರ್, ಅದು ಯಾವ ಅನುವಾದ ಅನ್ನೋದರ ಮೇಲೆ ನಿಂತಿದೆ. ಐಆರ್‌ವಿ, ಅಂದರೆ ಇಂಡಿಯನ್ ರಿವೈಸ್ಡ್ ವರ್ಷನ್ ಅನ್ನೋ ಹೊಸ ಅನುವಾದದ ಕನ್ನಡ ಆದರೆ ಧಾರಾಳವಾಗಿ ಕೊಡಿ. ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಯಾರ ಕೆಲಸ ಅಂತ ಹೆಸರು ಹೇಳಬೇಕು, ಬದಲಾಯಿಸಿ ಹಂಚಿದರೆ ಅದೇ ಪರವಾನಗಿಯಲ್ಲೇ ಹಂಚಬೇಕು. ಉಳಿದ ಎಷ್ಟೋ ಅನುವಾದಗಳಿಗೆ ಹಕ್ಕು ಇಟ್ಟುಕೊಂಡವರಿದ್ದಾರೆ. ಪ್ರಕಾಶಕರಿಗೆ ಒಂದು ಪತ್ರ ಬರೆದು ಕೇಳಿ. ಅನುವಾದ ಎಷ್ಟು ಕಷ್ಟದ ಕೆಲಸ ಅಂತ ದಿನಾ ನೋಡುತ್ತೇನೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಭದ್ರಾ ಕೀಲಿಮಣೆ

ಐಆರ್‌ವಿ ಆದರೆ ಮೇಷ್ಟ್ರಿಗೆ ನಾನೇ ಮಾಡಿ ಕಳಿಸುತ್ತೇನೆ. ದಾರಿ ಹೀಗಿದೆ, ಬೇರೆಯವರಿಗೂ ಬೇಕಾಗಬಹುದು. ಪಠ್ಯ ಯುಎಸ್‌ಎಫ್‌ಎಂ ಅನ್ನೋ ರೂಪದಲ್ಲಿ ಸಿಗುತ್ತದೆ. ಅದು ಸರಳ ಪಠ್ಯವೇ, ಅಧ್ಯಾಯಕ್ಕೆ ಒಂದು ಗುರುತು, ವಚನಕ್ಕೆ ಒಂದು ಗುರುತು, ಅಡಿಟಿಪ್ಪಣಿಗೆ ಒಂದು ಗುರುತು. ಮೊದಲು ಎನ್‌ಎಫ್‌ಸಿ ಮಾಡಿ ಅಕ್ಷರ ಶುದ್ಧ ಮಾಡುವುದು. ಆಮೇಲೆ ಅದನ್ನು ಓಸಿಸ್ ಅನ್ನೋ ಇನ್ನೊಂದು ಕಡತ ರೂಪಕ್ಕೆ ಬದಲಾಯಿಸುವುದು. ಕೊನೆಗೆ ಓಸಿಸ್‌ನಿಂದ ಸ್ವೋರ್ಡ್ ಪಠ್ಯ. ಆಗಲೇ ಎಣಿಕೆಯ ಪದ್ಧತಿ ಯಾವುದು ಅಂತ ಹೇಳಬೇಕು. ಹೀಗೆ ಒಂದು ಸಲ ಮಾಡಿದ ಪಠ್ಯ ಲ್ಯಾಪ್‌ಟಾಪಿನಲ್ಲಿ ಝೈಫಾಸ್, ಬೈಬಲ್‌ಟೈಮ್ ಎರಡರಲ್ಲೂ ನಡೆಯುತ್ತದೆ, ಆಗುಂಬೆ ತಮ್ಮನ ಫೋನಿನ ಆಂಡ್‌ಬೈಬಲ್‌ನಲ್ಲೂ ನಡೆಯುತ್ತದೆ. ಎಲ್ಲ ಉಚಿತ, ನೆಟ್ ಬೇಡ.

ಈಗ ಟಿಪ್ಪಣಿ. ಇದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಟಿಪ್ಪಣಿಯನ್ನು ಯಾವ ತಂತ್ರಾಂಶದ ಒಳಗೂ ಇಡಬೇಡಿ. ಹಿಂದೆ ಒಂದು ಆ್ಯಪ್‌ನಲ್ಲಿ ನಾನು ಎರಡು ವರ್ಷ ಬರೆದ ಟಿಪ್ಪಣಿಗಳು, ಫೋನ್ ಬದಲಾಯಿಸಿದ ದಿನ ಹೋದವು. ಹೊರಗೆ ತೆಗೆಯುವ ದಾರಿಯೇ ಅದರಲ್ಲಿ ಇರಲಿಲ್ಲ. ಅಮ್ಮ ತೀರಿಕೊಂಡ ವರ್ಷ ಬರೆದದ್ದೆಲ್ಲ ಅದರಲ್ಲಿತ್ತು. ಓದುವುದು ತಂತ್ರಾಂಶದಲ್ಲಿ, ಬರೆಯುವುದು ಸರಳ ಕಡತದಲ್ಲಿ. ಮೇಷ್ಟ್ರ ಕೆಲಸಕ್ಕೆ ಲಿಬ್ರೆ ಆಫೀಸಿನ ಒಂದು ಹಾಳೆ ಸಾಕು. ಒಂದು ಸಲ ಹೆಸೆದ್ ಬಂದರೆ ಒಂದು ಸಾಲು. ಹೀಬ್ರೂ ವಚನಸಂಖ್ಯೆ, ಕನ್ನಡ ವಚನಸಂಖ್ಯೆ, ಹಳೆಯ ಪದ, ಹೊಸ ಪದ, ಫಾದರ್ ಅಂಕಣ, ನಿಮ್ಮ ಮಾತು.

ಸಾಲುಗಳು ಬೈಬಲ್ ಕ್ರಮದಲ್ಲಿ ನಿಲ್ಲಲು ಪುಸ್ತಕಕ್ಕೆ ಸಂಖ್ಯೆ ಕೊಡಿ. ಕೀರ್ತನೆ 19, ಹೋಶೇಯ 28.

ಸಾಗರದಿಂದ ಫಾದರ್

ಆ ಸಂಖ್ಯೆ ನನಗೆ ಹೊಂದುವುದಿಲ್ಲಮ್ಮ. ನಮ್ಮ ಕ್ರಮದಲ್ಲಿ ಕೀರ್ತನೆಗಳಿಗಿಂತ ಮೊದಲೇ ತೋಬಿತ, ಯೂದಿತ, ಮಕ್ಕಬಿಯರ ಎರಡು ಪುಸ್ತಕ ಬರುತ್ತವೆ. ಕೀರ್ತನೆ 23ನೆಯದಾಗುತ್ತದೆ. ನಾನು ತುಂಬಿದ ಸಾಲು ಮೇಷ್ಟ್ರ ಸಾಲಿಗೆ ಸೇರುವುದೇ ಇಲ್ಲ.

ಹೊಸನಗರ ಅನುವಾದಕಿ

ಇದಕ್ಕೆ ಅನುವಾದಕರು ಆಗಲೇ ಒಂದು ದಾರಿ ಮಾಡಿಕೊಂಡಿದ್ದಾರೆ ಫಾದರ್. ನಾವು ಬಳಸುವ ಪ್ಯಾರಾಟೆಕ್ಸ್ಟ್ ಅನ್ನೋ ಅನುವಾದದ ತಂತ್ರಾಂಶದಲ್ಲಿ ಆದಿಕಾಂಡ 01, ಮಲಾಕಿ 39. ಆಮೇಲೆ 40 ಖಾಲಿ. ಮತ್ತಾಯ 41, ಪ್ರಕಟನೆ 67. ತೋಬಿತ 68ರಿಂದ ಮುಂದಿನವು ಶುರು. ಓದುವ ಕ್ರಮ ಇದಲ್ಲ, ಬರೀ ವಿಳಾಸ. ಮನೆ ನಂಬರ್ ಇದ್ದ ಹಾಗೆ. ಇಬ್ಬರೂ ಇದನ್ನೇ ಹಿಡಿದರೆ ಸಾಲುಗಳು ಸೇರುತ್ತವೆ. ಕೀರ್ತನೆ 19 ಆಗಿಯೇ ಉಳಿಯುತ್ತದೆ.

ಸಾಗರದಿಂದ ಫಾದರ್

ಒಪ್ಪಿಗೆ. ವಿಳಾಸ ಅಂದುಕೊಂಡರೆ ನನಗೇನೂ ತಕರಾರಿಲ್ಲ.

ಆಗುಂಬೆ ವಿದ್ಯಾರ್ಥಿ

ಅಕ್ಕ, ನಾನು ಸ್ಟಡಿ ಪ್ಯಾಡ್‌ನಲ್ಲಿ ಬರೆದಿಟ್ಟಿದ್ದೇನೆ. ಅದೂ ಹೋಗುತ್ತದಾ?

ಭದ್ರಾ ಕೀಲಿಮಣೆ

ಹೆದರಬೇಡ ತಮ್ಮ. ಆಂಡ್‌ಬೈಬಲ್‌ನಲ್ಲಿ ಬ್ಯಾಕಪ್ ತೆಗೆಯುವ ಆಯ್ಕೆ ಇದೆ. ವಾರಕ್ಕೊಮ್ಮೆ ಮೆಮೊರಿ ಕಾರ್ಡಿಗೆ ಹಾಕು, ಗುಡ್ಡ ಹತ್ತಿದ ದಿನ ಒಂದು ಪ್ರತಿ ನಿನಗೆ ನೀನೇ ಮೇಲ್ ಮಾಡಿಕೋ.

ಮಂಡಗದ್ದೆ ಮೇಷ್ಟ್ರು

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ನಾಲ್ಕು ದಿನ ಕರೆಂಟ್ ಇರಲಿಲ್ಲ, ಹೊಳೆ ತುಂಬಿ ಹರಿಯುತ್ತಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಮುಗಿದ ಮೇಲೆ ಹಾಳೆಯ ಅಚ್ಚು ಪ್ರತಿಯ ಮೇಲೆ ಪೆನ್ನಿನಲ್ಲಿ ತುಂಬಿದೆ.

ಭದ್ರಾವತಿಯ ತಂಗಿ ಕಳಿಸಿದ ಪಠ್ಯವನ್ನು ಝೈಫಾಸ್‌ನಲ್ಲಿ ಹಾಕಿಕೊಂಡಿದ್ದೇನೆ. ಎಡಕ್ಕೆ ಹೀಬ್ರೂ, ಬಲಕ್ಕೆ ಕನ್ನಡ, ಕೆಳಗೆ ನಿಘಂಟು. ವ್ಯಾಖ್ಯಾನದ ಕಿಟಕಿಯನ್ನು ಮುಚ್ಚಿಟ್ಟಿದ್ದೇನೆ. ಹಳೆಯ ಸತ್ಯವೇದ ಮಾತ್ರ ಪುಸ್ತಕವಾಗಿಯೇ ತೊಡೆಯ ಮೇಲಿದೆ, ಪ್ರಕಾಶಕರಿಗೆ ಪತ್ರ ಹಾಕಿದ್ದೇನೆ. ಒಂದು ಬದಲಾವಣೆ ನನಗೇ ಗೊತ್ತಾಗುತ್ತಿದೆ. ಮೊದಲು ಒಂದು ವಚನಕ್ಕೆ ಪುಸ್ತಕ ತಿರುಗಿಸುವುದರಲ್ಲೇ ಕಾಲು ಗಂಟೆ ಹೋಗುತ್ತಿತ್ತು. ಈಗ ಆ ಕಾಲು ಗಂಟೆ ವಚನದ ಮುಂದೆ ಸುಮ್ನೆ ಕೂರಲು ಸಿಗುತ್ತದೆ. 'ದಯೆ' ಅಂತ ಯಾಕೆ ಬರೆದಿರಬಹುದು ಅಂತ ಯೋಚಿಸಲು ಸಿಗುತ್ತದೆ.

ಪಾಸ್ಟರ್ ಹೇಳಿದ್ದಕ್ಕೆ ಹೋಶೇಯವನ್ನೇ ಮೊದಲು ಹಿಡಿದೆ. ಹೆಸೆದ್ ಆರು ಸಲ ಸಿಕ್ಕಿತು. ಹೀಬ್ರೂ ಎಣಿಕೆಯಲ್ಲಿ 2:21, 4:1, 6:4, 6:6, 10:12, 12:7. ಹೊಸನಗರದ ತಂಗಿ ಎಚ್ಚರಿಸಿದ ಹಾಗೆಯೇ ಮೊದಲನೆಯದು ಕನ್ನಡದಲ್ಲಿ 2:19. ಕೊನೆಯದು ಕೂಡ ಸರಿದಿದೆ, ನಮ್ಮಲ್ಲಿ 12:6. ನಮ್ಮ ಹನ್ನೊಂದನೆಯ ಅಧ್ಯಾಯದ ಕೊನೆಯ ವಚನ ಅವರಲ್ಲಿ ಹನ್ನೆರಡನೆಯದರ ಮೊದಲಿಗೆ ಹೋಗಿದೆ. ಎರಡೂ ಸಂಖ್ಯೆ ಬರೆದಿಟ್ಟದ್ದರಿಂದ ಎಡವಲಿಲ್ಲ. ಆರು ಸಾಲನ್ನೂ ಫಾದರ್‌ಗೆ ಕಳಿಸಿದ್ದೇನೆ, ಅವರ ಅಂಕಣ ಖಾಲಿ ಇದೆ.

ಪಾಸ್ಟರ್, ನಿಮ್ಮ ಆ ಮೂರು ಪಠ್ಯದ ಜೋಡಣೆಯನ್ನು ಕಣ್ಣಾರೆ ನೋಡಬೇಕು. ಭಾನುವಾರ ಆರಾಧನೆ ಮುಗಿದ ಮೇಲೆ ಗೋಪಾಳಕ್ಕೆ ಬರಲಾ? ಮಧ್ಯಾಹ್ನದ ಬಸ್ಸಿಗೆ ಹೊರಟರೆ ಮೂರು ಗಂಟೆಗೆ ನಿಮ್ಮಲ್ಲಿರುತ್ತೇನೆ. ಮತ್ತಾಯ 9:13 ಇನ್ನೂ ತೆರೆದಿಲ್ಲ, ಒಟ್ಟಿಗೇ ನೋಡೋಣ ಅಂತ ಬಿಟ್ಟಿದ್ದೇನೆ.